2,162ರ ಲೆಕ್ಕ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಪ್ರಿಯ ಓದುಗರೇ,

ಅಮೆರಿಕದ ರಾಜಕೀಯ ಧಾರಾವಾಹಿ ‘ದಿ ವೆಸ್ಟ್ ವಿಂಗ್’ನ ಆರನೇ ಸೀಸನ್ನಿನ ಕೊನೆಯ ಕಂತು ‘2162 ವೋಟ್ಸ್’ ನೋಡಿ ಎರಡು ಪ್ರಶ್ನೆ ಕೇಳಿದ್ದೀರಿ. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸಲು ರಾಜ್ಯಗಳಲ್ಲಿ ನಡೆಯುವ ಮತದಾನಗಳು, ಅಂದರೆ ಪ್ರೈಮರಿಗಳೆಲ್ಲ ಮುಗಿದ ಮೇಲೂ ಸ್ಯಾಂಟೋಸ್, ರಸೆಲ್, ಹೊಯ್ನ್ಸ್ ಮೂವರಲ್ಲಿ ಯಾರಿಗೂ ಬಹುಮತವಿಲ್ಲದೆ ಪಕ್ಷದ ಸಮಾವೇಶದಲ್ಲಿ ಸುತ್ತಿನ ಮೇಲೆ ಸುತ್ತು ಮತದಾನ ನಡೆಯುವುದು ಬರೀ ಕಟ್ಟುಕಥೆಯೇ? ನಮ್ಮಲ್ಲಿ ಶಾಸಕರನ್ನು ರೆಸಾರ್ಟಿಗೆ ಸಾಗಿಸುವಂತೆ ಅಲ್ಲಿ ಸಮಾವೇಶದಲ್ಲಿ ಮತ ಹಾಕುವ ಪ್ರತಿನಿಧಿಗಳನ್ನು ಕಾಯುವವರಿಲ್ಲವೇ?

ಮೊದಲು ಆ ಸಂಖ್ಯೆ. ಅದು ಕಥೆಗಾರರ ಕಲ್ಪನೆಯಲ್ಲ. 2004ರ ನಿಜವಾದ ಡೆಮಾಕ್ರಟಿಕ್ ಸಮಾವೇಶದಲ್ಲಿದ್ದದ್ದು 4,322 ಮತ. ಅರ್ಧಕ್ಕೆ ಒಂದು ಕೂಡಿಸಿದರೆ 2,162. ಉಳಿದವರಿಗಿಂತ ಮುಂದಿದ್ದರೆ ಸಾಲದು, ಅರ್ಧ ದಾಟಲೇಬೇಕು.

ದಾಟುವುದು ಕಷ್ಟವಾಗುವುದು ಪ್ರೈಮರಿಯ ಮತದ ಪ್ರಮಾಣಕ್ಕೆ ತಕ್ಕಂತೆ ಪ್ರತಿನಿಧಿಗಳನ್ನು ಹಂಚುವ ಡೆಮಾಕ್ರಟರ ನಿಯಮದಿಂದ. ಆರು ಪ್ರತಿನಿಧಿಗಳಿರುವ ಒಂದು ಕ್ಷೇತ್ರ ಎಂದುಕೊಳ್ಳಿ. ಮೂವರಿಗೆ ಕ್ರಮವಾಗಿ ಶೇ. 50, 36, 14 ಮತ ಬಿದ್ದಿದೆ. ಶೇ. 15 ಮುಟ್ಟದವನಿಗೆ ಏನೂ ಇಲ್ಲ, ಮೂರನೆಯವನು ಹೊರಗೆ. ಉಳಿದ 86ರ ಮೇಲೆ ಮತ್ತೆ ಲೆಕ್ಕ ಹಾಕಿದರೆ ಮೊದಲನೆಯವನಿಗೆ 3.49, ಎರಡನೆಯವನಿಗೆ 2.51. ಪೂರ್ಣಾಂಕದಂತೆ ಮೂರು, ಎರಡು ಕೊಟ್ಟ ಮೇಲೆ ಉಳಿಯುವ ಒಂದು ಸ್ಥಾನ ದೊಡ್ಡ ದಶಾಂಶಕ್ಕೆ. ಅಲ್ಲಿಗೆ ಮೂರು, ಮೂರು! ಶೇ. 14ರ ಮುನ್ನಡೆ ಆವಿಯಾಯಿತು. ಇಂಥ ನೂರಾರು ಕ್ಷೇತ್ರಗಳನ್ನು ಕೂಡಿಸಿದರೆ ಮುಂದಿರುವವನು ಗೆರೆಯ ಹತ್ತಿರ ಬಂದೂ ದಾಟದೆ ನಿಲ್ಲಬಹುದು. ರಿಪಬ್ಲಿಕನ್ನರ ಹಲವು ರಾಜ್ಯಗಳಲ್ಲಿ ಗೆದ್ದವನಿಗೇ ಎಲ್ಲ ಸ್ಥಾನ ಸಲ್ಲುವುದರಿಂದ ಅಲ್ಲಿ ಈ ತೊಡಕು ಕಡಿಮೆ.

ಹೀಗಾಗಿ ಕಥೆ ನಿಯಮದ ಒಳಗೇ ಇದೆ. ಆದರೆ ಎರಡು ಪ್ರಮುಖ ಪಕ್ಷಗಳಲ್ಲಿ ಯಾವುದಕ್ಕೂ 1952ರ ನಂತರ ಎರಡನೇ ಸುತ್ತು ಬೇಕಾಗಿಲ್ಲ. ಆ ವರ್ಷ ಅಡ್ಲೈ ಸ್ಟೀವನ್ಸನ್ ಮೂರನೇ ಸುತ್ತಿನಲ್ಲಿ ಡೆಮಾಕ್ರಟರ ಅಭ್ಯರ್ಥಿಯಾದರು. 1924ರಲ್ಲಿ ಜಾನ್ ಡೇವಿಸ್ ಆಯ್ಕೆಯಾಗಲು 103 ಸುತ್ತು ಹಿಡಿಯಿತು. ಆಗ ಡೆಮಾಕ್ರಟರಿಗೆ ಮೂರನೇ ಎರಡರಷ್ಟು ಮತ ಬೇಕಿತ್ತು. 1936ರಲ್ಲಿ ಆ ನಿಯಮ ಹೋಯಿತು.

ಇನ್ನು ರೆಸಾರ್ಟ್. ಕೂಡಿಹಾಕುವ ಅಗತ್ಯವೇ ಅಲ್ಲಿ ಅಷ್ಟಿಲ್ಲ. ಪ್ರತಿನಿಧಿಯಾಗಲು ನಿಂತವರ ಪಟ್ಟಿಯಿಂದ ನಂಬಿಕೆಯಿಲ್ಲದವರ ಹೆಸರನ್ನು ಮೊದಲೇ ಹೊಡೆದುಹಾಕುವ ಹಕ್ಕು ಅಭ್ಯರ್ಥಿಗಿದೆ. ಮೊದಲ ಸುತ್ತಿನ ನಿಷ್ಠೆ ಅಲ್ಲೇ ಭದ್ರ. ಸಮಾವೇಶದಲ್ಲಿ ಒಂದು ರಾಜ್ಯದವರು ಒಟ್ಟಿಗೆ ಕೂರುತ್ತಾರೆ, ಅವರ ನಡುವೆ ಅಭ್ಯರ್ಥಿಯ ವಿಪ್‌ಗಳು ಓಡಾಡುತ್ತ ತಲೆ ಎಣಿಸುತ್ತಿರುತ್ತಾರೆ. ರಾಜ್ಯಗಳ ಹೆಸರು ಕೂಗುವಾಗ ‘ಪಾಸ್’ ಎಂದು ಸುಮ್ಮನಾಗಿ, ಗಾಳಿ ನೋಡಿಕೊಂಡು ಕೊನೆಗೆ ಮತ ಹೇಳುವುದು ಹಳೆಯ ಪಟ್ಟು. ಅಧ್ಯಕ್ಷ ಬಾರ್ಟ್ಲೆಟ್ ಶಿಕ್ಷಕರ ಸಂಘದ ಮುಖಂಡನನ್ನು ಒಲಿಸುವ ದೃಶ್ಯ ಇಡೀ ಕಂತಿನಲ್ಲಿ ವಾಸ್ತವಕ್ಕೆ ಅತ್ಯಂತ ಹತ್ತಿರ: ಡೆಮಾಕ್ರಟಿಕ್ ಪ್ರತಿನಿಧಿಗಳಲ್ಲಿ ಶಿಕ್ಷಕರ ಸಂಘಗಳ ಸದಸ್ಯರು ದಶಕಗಳಿಂದ ದೊಡ್ಡ ಗುಂಪು.

ಕಂತು ಸಡಿಲವಾಗುವುದು ಗವರ್ನರ್ ಬೇಕರ್ ಕೊನೇ ಗಳಿಗೆಯಲ್ಲಿ ಕಣಕ್ಕಿಳಿಯುವಾಗ. ಈಚಿನ ನಿಯಮಗಳಂತೆ ಹೆಸರು ಸೂಚಿಸಲು ಕನಿಷ್ಠ 300 ಪ್ರತಿನಿಧಿಗಳ ಸಹಿ ಬೇಕು, ಅದರಲ್ಲಿ ಒಂದೇ ರಾಜ್ಯದವರು 50ಕ್ಕಿಂತ ಹೆಚ್ಚಿರಕೂಡದು. ಆರೇಳು ರಾಜ್ಯಗಳಲ್ಲಿ ಸಹಿ ಸಂಗ್ರಹಿಸುವುದು ಗುಟ್ಟಾಗಿ ಆಗುವ ಕೆಲಸವಲ್ಲ. ಜೊತೆಗೆ 2018ರ ತಿದ್ದುಪಡಿಯ ನಂತರ, ಸ್ಪರ್ಧೆ ಇತ್ಯರ್ಥವಾಗದ ಸಮಾವೇಶದ ಮೊದಲ ಸುತ್ತಿನಲ್ಲಿ ಪದವಿಯಿಂದಲೇ ಪ್ರತಿನಿಧಿಗಳಾಗುವ ಪಕ್ಷದ ನಾಯಕರಿಗೆ, ಅಂದರೆ ಸೂಪರ್ ಡೆಲಿಗೇಟ್‌ಗಳಿಗೆ ಮತವಿಲ್ಲ. ಎರಡನೇ ಸುತ್ತಿನಿಂದ ಇದೆ. ಇದೇ ಕಥೆಯನ್ನು ಇಂದು ಬರೆದರೆ ಸ್ಯಾಂಟೋಸ್ ಮೊದಲು ಒಲಿಸಬೇಕಾದದ್ದು ಅವರನ್ನು.

— ಸಂಪಾದಕ