ಸ್ಲೀವ್ ಆಪರೇಷನ್ ಆದ ಮೇಲೆ ಎದೆ ಉರಿ: ಮಾತ್ರೆ ಯಾವಾಗ ನುಂಗಬೇಕು, ಹೇಗೆ ಬಿಡಬೇಕು

ನೀವು ಬರೆದಿರುವುದು ಇಷ್ಟು: ಊರು ಸಕಲೇಶಪುರದ ಕಡೆ. ತೂಕ ಇಳಿಸಲು ಜಠರ ಕತ್ತರಿಸಿ ಸಣ್ಣದು ಮಾಡುವ ಸ್ಲೀವ್ ಆಪರೇಷನ್ ಆಗಿ ಏಳು ತಿಂಗಳಾಯ್ತು. ರಾತ್ರಿ ಊಟ ಮುಗಿಸಿ ಪಾನ್-ಡಿ ನುಂಗಿ ಮಲಗುತ್ತೀರಿ, ಆದರೂ ನಡುರಾತ್ರಿ ಹುಳಿನೀರು ಗಂಟಲಿಗೆ ಬಂದು ಎಚ್ಚರವಾಗುತ್ತದೆ. ‘ಆ ಮಾತ್ರೆ ಕಿಡ್ನಿ ತಿನ್ನುತ್ತೆ’ ಅಂತ ಭಾವ ಹೆದರಿಸಿದ್ದಕ್ಕೆ ಒಂದೇ ಸಲ ನಿಲ್ಲಿಸಿದಿರಿ, ಮೂರನೇ ದಿನಕ್ಕೆ ಉರಿ ಮೊದಲಿಗಿಂತ ಜಾಸ್ತಿಯಾಯ್ತು. ಇದನ್ನು ಜೀವನಪೂರ್ತಿ ನುಂಗಬೇಕಾ ಎಂಬುದು ಪ್ರಶ್ನೆ.

ಜೀವನಪೂರ್ತಿಯ ಮಾತು ಆಮೇಲೆ. ಇಲ್ಲಿಯವರೆಗೆ ನೀವು ನುಂಗಿದ ಮಾತ್ರೆ ಅರ್ಧದಷ್ಟೂ ಕೆಲಸ ಮಾಡಿಲ್ಲ ಎಂಬುದು ನನ್ನ ಅನುಮಾನ. ಕಾರಣ, ನುಂಗುವ ಹೊತ್ತು. ಪ್ಯಾಂಟೊಪ್ರಜೋಲ್ (ನಿಮ್ಮ ಪಾನ್-ಡಿಯಲ್ಲಿರುವ ಆಸಿಡ್ ಔಷಧಿ ಇದೇ), ರಾಬೆಪ್ರಜೋಲ್, ಒಮೆಪ್ರಜೋಲ್, ಎಸೊಮೆಪ್ರಜೋಲ್ ಎಲ್ಲ ಒಂದೇ ಜಾತಿಯವು. ಜಠರದ ಗೋಡೆಯಲ್ಲಿ ಆಸಿಡ್ ಸುರಿಸುವ ಪಂಪುಗಳಿವೆ. ಈ ಔಷಧಿ ಓಡುತ್ತಿರುವ ಪಂಪನ್ನು ಮಾತ್ರ ಕೆಡಿಸಬಲ್ಲದು, ನಿಂತ ಪಂಪನ್ನು ಮುಟ್ಟುವುದಿಲ್ಲ. ಪಂಪು ಓಡುವುದು ಊಟ ಬಿದ್ದಾಗ. ಔಷಧಿ ರಕ್ತದಲ್ಲಿ ಉಳಿಯುವುದು ಕೆಲವೇ ಗಂಟೆ. ಹಾಗಾಗಿ ಊಟಕ್ಕೆ 30ರಿಂದ 45 ನಿಮಿಷ ಮೊದಲು ನುಂಗಿದರೆ, ಪಂಪು ಶುರುವಾಗುವ ಹೊತ್ತಿಗೆ ಔಷಧಿ ರಕ್ತದಲ್ಲಿ ಸಿದ್ಧವಾಗಿರುತ್ತದೆ. ಊಟ ಆದ ಮೇಲೆ ನುಂಗಿದರೆ ಅದು ಕರುಳು ಸೇರುವಷ್ಟರಲ್ಲಿ ಊಟದ ಭರಾಟೆ ಮುಗಿದಿರುತ್ತದೆ.

ಅಂದರೆ ಬೆಳಗ್ಗೆ ಎದ್ದ ಕೂಡಲೇ ಅರ್ಧ ಲೋಟ ನೀರಲ್ಲಿ ಮಾತ್ರೆ, ಮುಕ್ಕಾಲು ಗಂಟೆ ಬಿಟ್ಟು ತಿಂಡಿ, ಕಾಫಿ ಅದಕ್ಕೂ ಆಮೇಲೆ. ಕಾಫಿ ಸೀಮೆಯವರಿಗೆ ಇದು ಕಷ್ಟದ ಮಾತು ಅಂತ ಗೊತ್ತು. ಎದ್ದ ಬಾಯಿಗೆ ಡಿಕಾಕ್ಷನ್ ಬೀಳದಿದ್ದರೆ ದಿನವೇ ಶುರುವಾಗಲ್ಲ. ಆದರೂ ಖಾಲಿ ಹೊಟ್ಟೆಯ ಆ ಮೊದಲ ಲೋಟವನ್ನೇ ನಾನು ಮೊದಲು ತೆಗೆಸುವುದು. ಕಾಫಿ ಪೂರಾ ಬಿಡಬೇಕಿಲ್ಲ. ತಿಂಡಿ ಆಗಿ ಅರ್ಧ ಗಂಟೆಗೆ ಅರ್ಧ ಲೋಟ ಕುಡಿದು ನೋಡಿ, ಸಂಜೆ ನಾಲ್ಕರ ಮೇಲೆ ಬೇಡ. ಇನ್ನೊಂದು ಮಾತು, ಇದು ಉರಿ ಬಂದಾಗ ನುಂಗುವ ಮಾತ್ರೆಯಲ್ಲ. ದಿನಾ ತಪ್ಪದೆ ನುಂಗಿದರೆ ಪೂರ್ತಿ ಗುಣ ಕಾಣಲು ನಾಲ್ಕೈದು ದಿನ ಬೇಕು. ಎರಡು ದಿನ ನುಂಗಿ ‘ಏನೂ ಆಗಲಿಲ್ಲ’ ಎನ್ನಬೇಡಿ. ಹೊರಗಿನ ಲೇಪನ ಔಷಧಿಯನ್ನು ಆಸಿಡ್‌ನಿಂದ ಕಾಯುತ್ತದೆ, ಆದ್ದರಿಂದ ಮಾತ್ರೆ ಅರೆಯುವುದು, ಕಚ್ಚುವುದು, ಅರ್ಧ ಮಾಡುವುದು ಕೂಡದು.

ಹೀಗೆ ನುಂಗಿಯೂ ರಾತ್ರಿಯ ಉರಿ ಉಳಿದರೆ, ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲು ಇನ್ನೊಂದು ಸೇರಿಸುವುದೋ, ಮಲಗುವಾಗ ಫಾಮೊಟಿಡಿನ್ (ಆಸಿಡ್ ತಗ್ಗಿಸುವ ಬೇರೆ ಜಾತಿಯ ಮಾತ್ರೆ) ಕೊಡುವುದೋ ಡಾಕ್ಟರ ತೀರ್ಮಾನ. ಫಾಮೊಟಿಡಿನ್ ದಿನಾ ನುಂಗಿದರೆ ಒಂದೆರಡು ವಾರದಲ್ಲಿ ಮೈಗೆ ಒಗ್ಗಿ ಮೊಂಡಾಗುತ್ತದೆ; ತಡವಾಗಿ ಉಂಡ ದಿನಕ್ಕೆ, ಮದುವೆ ಮನೆಯ ದಿನಕ್ಕೆ ಅದನ್ನು ಉಳಿಸಿಕೊಳ್ಳುವುದು ಜಾಣತನ. ಪಾನ್-ಡಿಯ ‘ಡಿ’ ಎಂದರೆ ಡೊಂಪೆರಿಡೋನ್, ನಿಧಾನವಾಗಿ ಬಿಡುಗಡೆಯಾಗುವ 30 ಮಿಲಿಗ್ರಾಂ. ಅದು ವಾಂತಿ, ಹೊಟ್ಟೆ ಮಂದಕ್ಕೆ. ಎದೆಬಡಿತದ ಲಯ ಕೆಡಿಸುವ ಸ್ವಭಾವವೂ ಅದಕ್ಕಿದೆ. ಚೀಟಿ ಇಲ್ಲದೆ ತಿಂಗಳುಗಟ್ಟಲೆ ನುಂಗುವ ಔಷಧಿ ಅಲ್ಲ. ಬರೀ ಪ್ಯಾಂಟೊಪ್ರಜೋಲ್ 40 ಸಾಕೇ ಅಂತ ನಿಮ್ಮ ಡಾಕ್ಟರನ್ನು ಕೇಳಿ.

ಇನ್ನು ಸ್ಲೀವ್ ಆದವರಿಗೇ ಈ ಕಾಟ ಯಾಕೆ? ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆದಿದ್ದಾರೆ. ಚೀಲ ಇದ್ದ ಕಡೆ ಈಗ ಸೈಕಲ್ ಟ್ಯೂಬಿನಂಥ ಕೊಳವೆ. ಊಟ ಬಿದ್ದಂತೆ ಹಿಗ್ಗಿ ಜಾಗ ಕೊಡುತ್ತಿದ್ದ ಮೇಲ್ಭಾಗವೇ ಹೋಗಿದೆ, ಕೆಳಗೆ ಕರುಳಿನ ಬಾಗಿಲು ಮೊದಲಿನಂತೆ ಬಿಗಿಯಾಗಿದೆ. ಒತ್ತಡಕ್ಕೆ ದಾರಿ ಉಳಿದಿರುವುದು ಮೇಲಕ್ಕೆ, ಅನ್ನನಾಳದ ಕಡೆಗೆ. ಮಾತ್ರೆ ಆಸಿಡ್ ಕಡಿಮೆ ಮಾಡಬಹುದು, ಒತ್ತಡವನ್ನಲ್ಲ. ಉರಿ ಕಡಿಮೆಯಾದರೂ ನೀರು ಉಕ್ಕಿ ಬರುವುದು ನಿಲ್ಲಲಿಲ್ಲ ಎನ್ನುವವರ ಕಥೆ ಇದೇ. ಖಾರಕ್ಕಿಂತ ಪ್ರಮಾಣ, ಹುಳಿಗಿಂತ ವೇಗ ಇಲ್ಲಿ ದೊಡ್ಡ ಶತ್ರು.

ನಮ್ಮ ಕಡೆಯ ಊಟದಲ್ಲಿ ಮೊದಲ ಆರೋಪಿ ರಾಗಿಮುದ್ದೆ. ರಾಗಿಯ ತಪ್ಪಲ್ಲ, ನುಂಗುವ ಅಭ್ಯಾಸದ್ದು. ಸ್ಲೀವ್ ನಡುವೆ ಒಂದು ತಿರುವಿದೆ, ಅದೇ ಎಲ್ಲಕ್ಕಿಂತ ಇಕ್ಕಟ್ಟಾದ ಜಾಗ. ಅಗಿಯದ ಮುದ್ದೆಯ ತುತ್ತು ಅಲ್ಲಿ ಕೂತರೆ ಎದೆ ಹಿಡಿದಂತಾಗಿ ನೊರೆ ನೊರೆ ಎಂಜಲು ಉಕ್ಕುತ್ತದೆ. ರಾಗಿ ಬೇಕೆಂದರೆ ತೆಳು ಗಂಜಿ ಮಾಡಿಕೊಳ್ಳಿ, ಹುಳಿ ಬಂದ ಅಂಬಲಿ ಬೇಡ. ಕಡುಬು, ಅಕ್ಕಿರೊಟ್ಟಿ ಹಲ್ಲಿಗೆ ಸಿಗುವಂಥವು, ಚೆನ್ನಾಗಿ ಅಗಿದರೆ ನಡೆಯುತ್ತದೆ. ಒಂದು ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಇಟ್ಟುಕೊಳ್ಳಿ. ಊಟದ ನಡುವೆ ನೀರು, ಮಜ್ಜಿಗೆ, ಸಾರು ಕುಡಿಯಬೇಡಿ. ಅರ್ಧ ಗಂಟೆ ಕಳೆದ ಮೇಲೆ ಗುಟುಕು ಗುಟುಕಾಗಿ. ಗಾಂಧಾರಿ ಮೆಣಸು, ಕಾಳುಮೆಣಸಿನ ಸಾರು, ಉಪ್ಪಿನಕಾಯಿ ಒಬ್ಬರಿಗೆ ಆಗುತ್ತೆ, ಇನ್ನೊಬ್ಬರಿಗೆ ಆಗಲ್ಲ. ಒಂದೊಂದನ್ನೇ ಒಂದು ವಾರ ಬಿಟ್ಟು ನೋಡಿ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಯಾವುದು ಕಾರಣ ಅಂತಲೇ ತಿಳಿಯುವುದಿಲ್ಲ.

ಈನೋ, ಅಡುಗೆ ಸೋಡ, ಗೋಲಿಸೋಡ ಮಾತ್ರ ಬೇಡವೇ ಬೇಡ. ತೇಗು ಬಂದು ಹಗುರಾಯ್ತು ಅನಿಸುತ್ತದೆ, ಆದರೆ ಆ ಗಾಳಿಯೆಲ್ಲ ಹುಟ್ಟುವುದು ಇಕ್ಕಟ್ಟಾದ ಕೊಳವೆಯೊಳಗೆ. ತೇಗಿನ ಜೊತೆಗೇ ಆಸಿಡ್ ಮೇಲೇರುತ್ತದೆ.

ಮಲಗುವುದಕ್ಕೆ ಮೂರು ಗಂಟೆ ಮೊದಲೇ ಊಟ ಮುಗಿಯಬೇಕು. ಮಂಚದ ತಲೆಕಡೆಯ ಎರಡೂ ಕಾಲಿನ ಕೆಳಗೆ ಆರರಿಂದ ಎಂಟು ಇಂಚು ಎತ್ತರಕ್ಕೆ ಇಟ್ಟಿಗೆಯೋ ಮರದ ದಿಮ್ಮಿಯೋ ಇಡಿ, ಅಲುಗಾಡದಂತೆ. ಎರಡು ಮೂರು ದಿಂಬು ಪೇರಿಸಿದರೆ ಕತ್ತು ಮಾತ್ರ ಮೇಲೆ ಹೋಗಿ ಹೊಟ್ಟೆ ಮಡಚುತ್ತದೆ, ಒತ್ತಡ ಇನ್ನೂ ಜಾಸ್ತಿ. ಎಡಮಗ್ಗುಲಿಗೆ ಮಲಗಿ. ತೋಟದಲ್ಲಿ ಕಳೆ ತೆಗೆಯುವುದು, ಶುಂಠಿ ಕೀಳುವುದು, ಬಗ್ಗಿ ಮಾಡುವ ಯಾವ ಕೆಲಸವೂ ಉಂಡ ತಕ್ಷಣ ಬೇಡ. ಬೆಲ್ಟಾಗಲಿ ಲಂಗದ ಲಾಡಿಯಾಗಲಿ ಸಡಿಲವಾಗಿರಲಿ.

ಈಗ ಮೂರನೇ ದಿನದ ಉರಿಯ ವಿಚಾರ. ತಿಂಗಳುಗಟ್ಟಲೆ ಆಸಿಡ್ ತಗ್ಗಿಸಿದಾಗ ದೇಹ ಗ್ಯಾಸ್ಟ್ರಿನ್ ಎಂಬ ಹಾರ್ಮೋನ್ ಹೆಚ್ಚಿಸಿ ‘ಇನ್ನೂ ಸುರಿಸು’ ಎನ್ನುತ್ತಿರುತ್ತದೆ. ಮಾತ್ರೆ ದಿಢೀರನೆ ನಿಂತರೆ ಆ ಆಜ್ಞೆಗೆ ತಡೆಯೇ ಇಲ್ಲ. ಕೆಲವು ವಾರ ಆಸಿಡ್ ಮಾಮೂಲಿಗಿಂತ ಹೆಚ್ಚು ಸುರಿಯುತ್ತದೆ. ಅದು ಕಾಯಿಲೆ ಉಲ್ಬಣಿಸಿದ ಗುರುತಾಗಿರಲೇಬೇಕಿಲ್ಲ. ಡಾಕ್ಟರ್ ಒಪ್ಪಿದರೆ ಬಿಡುವ ಕ್ರಮ ಸಾಮಾನ್ಯವಾಗಿ ಹೀಗೆ: 40 ಮಿಲಿಗ್ರಾಂನಿಂದ 20ಕ್ಕೆ ಇಳಿಸಿ ಎರಡರಿಂದ ನಾಲ್ಕು ವಾರ, ನಂತರ ದಿನ ಬಿಟ್ಟು ದಿನ ಎರಡು ವಾರ, ಆಮೇಲೆ ನಿಲ್ಲಿಸುವುದು. ನಡುವೆ ಉರಿ ಬಂದರೆ ಫಾಮೊಟಿಡಿನ್ ಅಥವಾ ಜೆಲುಸಿಲ್‌ನಂಥ ದ್ರವ ಎರಡು ಚಮಚ. ಆದರೆ ಎಂಡೋಸ್ಕೋಪಿಯಲ್ಲಿ ಅನ್ನನಾಳದ ಹುಣ್ಣು ಜೋರಾಗಿದೆ ಅಂತಲೋ, ‘ಬ್ಯಾರೆಟ್ಸ್’ (ಆಸಿಡ್‌ನಿಂದ ಅನ್ನನಾಳದ ಒಳಪದರ ಬದಲಾಗಿರುವುದು) ಅಂತಲೋ ಬರೆದಿದ್ದರೆ, ಅಥವಾ ಹೃದಯಕ್ಕೆ ಆಸ್ಪಿರಿನ್ ನುಂಗುತ್ತಿದ್ದರೆ ನಿಮ್ಮಷ್ಟಕ್ಕೆ ಬಿಡುವ ಹಾಗಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕ್ಲೋಪಿಡೋಗ್ರೆಲ್ ನುಂಗುತ್ತಿರುವವರು ಒಮೆಪ್ರಜೋಲ್, ಎಸೊಮೆಪ್ರಜೋಲ್ ಬಿಟ್ಟು ಪ್ಯಾಂಟೊಪ್ರಜೋಲ್ ಕೇಳಿ ಪಡೆಯಬೇಕು.

ಭಾವನ ಮಾತಿನಲ್ಲಿ ಪೂರ್ತಿ ಸುಳ್ಳಿಲ್ಲ. ಈ ಜಾತಿಯ ಮಾತ್ರೆಯಿಂದ ಕಿಡ್ನಿಗೆ ಉರಿಯೂತ ಬರುವುದುಂಟು, ಆದರೆ ಅಪರೂಪ. ವರ್ಷಕ್ಕೊಮ್ಮೆ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡಿಸಿದರೆ ಸಾಕು. ಸ್ಲೀವ್ ಆದವರಿಗೆ ನಾನು ಹೆಚ್ಚು ಹೆದರುವುದು ಪೋಷಕಾಂಶದ ನಷ್ಟಕ್ಕೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮೈಗೆ ಹತ್ತಲು ಆಸಿಡ್ ಬೇಕು. ಆಪರೇಷನ್ ಅದನ್ನು ಒಮ್ಮೆ ತಗ್ಗಿಸಿತು, ಮಾತ್ರೆ ಮತ್ತೊಮ್ಮೆ ತಗ್ಗಿಸುತ್ತದೆ. ಕ್ಯಾಲ್ಸಿಯಂ ಕೊಳ್ಳುವಾಗ ಕಾರ್ಬೊನೇಟ್ ಬದಲು ಸಿಟ್ರೇಟ್ ಕೇಳಿ, ಅದಕ್ಕೆ ಆಸಿಡ್‌ನ ಹಂಗಿಲ್ಲ. ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಬೇಕು, ಒಂದು ಸಲಕ್ಕೆ 500-600 ಮೀರಬಾರದು. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ, ಜೆಲುಸಿಲ್‌ಗೂ ಅಷ್ಟೇ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ, ಕಬ್ಬಿಣಕ್ಕೂ ನಾಲ್ಕು ಗಂಟೆ. ಆಸಿಡ್ ಮಾತ್ರೆ ಶುರುವಾದ ಮೇಲೆ ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ಒಮ್ಮೆ ನೋಡಿಸಿ, ಥೈರಾಯ್ಡ್ ಡೋಸ್ ಸಾಲದೆ ಬರಬಹುದು. ಒಂದು ವರ್ಷ ದಾಟಿಯೂ ನುಂಗುತ್ತಿದ್ದರೆ ಮೆಗ್ನೀಸಿಯಂ ಕೂಡ.

ಇದನ್ನು ಓದುವವರಲ್ಲಿ ತೂಕಕ್ಕೆ ಸ್ಲೀವ್ ಬದಲು ಜಠರದ ಬೈಪಾಸ್ (ಜಠರ ಸಣ್ಣದು ಮಾಡಿ ಕರುಳಿಗೆ ಹೊಸದಾಗಿ ಜೋಡಿಸುವ ಆಪರೇಷನ್) ಆದವರಿಗೆ ಲೆಕ್ಕ ಬೇರೆ. ಅಲ್ಲಿ ಎದೆ ಉರಿ ಸಾಮಾನ್ಯವಾಗಿ ತಗ್ಗುತ್ತದೆ. ಮೊದಲ ಕೆಲವು ತಿಂಗಳು ಮಾತ್ರೆ ಕೊಡುವುದು ಕರುಳಿನ ಹೊಲಿಗೆ ಜಾಗದಲ್ಲಿ ಹುಣ್ಣಾಗದಿರಲಿ ಅಂತ. ಹೊಗೆಸೊಪ್ಪು, ಬೀಡಿ, ನೋವಿನ ಮಾತ್ರೆ ಮೂರೂ ಆ ಹುಣ್ಣಿಗೆ ನೇರ ದಾರಿ. ಅದರದೇ ಇನ್ನೊಂದು ಬಗೆಯಾದ ಮಿನಿ ಬೈಪಾಸ್ ಆದವರಿಗೆ ಕಹಿಯಾದ ಹಳದಿ ನೀರು ಬರುತ್ತಿದ್ದರೆ ಅದು ಪಿತ್ತ, ಆಸಿಡ್ ಮಾತ್ರೆ ಎಷ್ಟು ಹೆಚ್ಚಿಸಿದರೂ ಬಗ್ಗುವುದಿಲ್ಲ.

ನೋವಿನ ಮಾತ್ರೆಯ ಎಚ್ಚರಿಕೆ ಸ್ಲೀವ್‌ಗೂ ಇದೆ. ಕೊಯ್ಲಿನ ಕಾಲದಲ್ಲಿ ಮೈಕೈ ನೋವು ಅಂತ ಅಂಗಡಿಯಲ್ಲಿ ಕೇಳಿದರೆ ಕೈಗೆ ಬರುವ ಪಟ್ಟಿಯಲ್ಲಿ ಪ್ಯಾರಾಸಿಟಮಾಲ್ ಜೊತೆ ಅಸೆಕ್ಲೊಫೆನಾಕ್ ಸೇರಿರುವುದೇ ಹೆಚ್ಚು. ಪಟ್ಟಿಯ ಹಿಂದೆ ಓದಿ. ಅಸೆಕ್ಲೊಫೆನಾಕ್, ಡೈಕ್ಲೊಫೆನಾಕ್, ಐಬುಪ್ರೊಫೆನ್ ಕಂಡರೆ ವಾಪಸ್ ಕೊಟ್ಟು ಬರೀ ಪ್ಯಾರಾಸಿಟಮಾಲ್ ಕೇಳಿ.

2025ರ ಜೂನ್-ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದಾಗ ಎಲ್ಲರಿಗೂ ಎದೆ ಉರಿ ಎಂದರೆ ಹಾರ್ಟು ಎನಿಸಿತ್ತು. ಈಗ ಮತ್ತೆ ಹಾರ್ಟಿನ ನೋವನ್ನೂ ‘ಗ್ಯಾಸ್ಟ್ರಿಕ್’ ಎನ್ನುವ ಹಳೇ ಚಾಳಿಗೆ ಬಂದಿದ್ದೇವೆ. ಬೆವರು, ದವಡೆಗೋ ಎಡಗೈಗೋ ಹಬ್ಬುವ ನೋವು, ನಡೆದರೆ ಜಾಸ್ತಿ ಕೂತರೆ ಕಡಿಮೆ ಆಗುವ ಬಿಗಿತ ಇದ್ದರೆ ಮಾತ್ರೆ ಹುಡುಕುತ್ತಾ ಕೂರಬೇಡಿ, ಇಸಿಜಿ ಇರುವ ಆಸ್ಪತ್ರೆಗೆ ಹೊರಡಿ. ಕಪ್ಪು ಡಾಂಬರಿನಂಥ ಮಲ, ರಕ್ತವಾಂತಿಗೂ ತಕ್ಷಣ. ಎರಡು ಮೂರು ದಿನ ವಾಂತಿ ನಿಲ್ಲದಿದ್ದರೆ ಬಿ1 ವಿಟಮಿನ್ (ಥಯಾಮಿನ್) ಖಾಲಿಯಾಗಿ ನರಕ್ಕೆ ಪೆಟ್ಟಾಗಬಹುದು. ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ‘ನನಗೆ ಸ್ಲೀವ್ ಆಗಿದೆ, ಥಯಾಮಿನ್ ಕೊಡಿ’ ಎಂದು ಬಾಯಿಬಿಟ್ಟು ಹೇಳಬೇಕು.

ಹೊತ್ತು ಸರಿಮಾಡಿಕೊಂಡು ಎಂಟು ವಾರ ನುಂಗಿಯೂ ಉರಿ ತಗ್ಗದಿದ್ದರೆ, ಅಥವಾ ಊಟ ಸಿಕ್ಕಿಕೊಳ್ಳುತ್ತಿದ್ದರೆ ಎಂಡೋಸ್ಕೋಪಿ ಮಾಡಿಸಿ. ಉರಿ ಇಲ್ಲದಿದ್ದರೂ ಸ್ಲೀವ್ ಆಗಿ ಒಂದು ವರ್ಷವಾದಾಗ ಒಮ್ಮೆ, ನಂತರ ಎರಡು ಮೂರು ವರ್ಷಕ್ಕೊಮ್ಮೆ ನೋಡಿಸುವುದು ಒಳ್ಳೆಯದು, ಏಕೆಂದರೆ ಅನ್ನನಾಳದ ಹುಣ್ಣು ಸದ್ದಿಲ್ಲದೆಯೂ ಬೆಳೆಯುತ್ತದೆ. ಹಯಾಟಸ್ ಹರ್ನಿಯಾ (ಜಠರದ ಮೇಲ್ತುದಿ ಎದೆಯೊಳಗೆ ಜಾರುವುದು) ಇದೆಯೇ, ಕೊಳವೆ ಕಿರಿದಾಗಿದೆಯೇ, ತಿರುಚಿದೆಯೇ ಎಂದು ಕೇಳಿ. ಕಿರಿದಾಗಿದ್ದರೆ ಬಲೂನಿನಿಂದ ಹಿಗ್ಗಿಸುತ್ತಾರೆ. ಯಾವುದಕ್ಕೂ ಬಗ್ಗದ ಉರಿಗೆ ಸ್ಲೀವನ್ನು ಬೈಪಾಸಿಗೆ ಬದಲಿಸುವ ದಾರಿಯಿದೆ. ಜೀವನಪೂರ್ತಿ ಮಾತ್ರೆಯೋ ಇನ್ನೊಂದು ಆಪರೇಷನ್ನೋ ಎಂಬ ಪ್ರಶ್ನೆ ಏಳುವುದು ಆ ಹಂತದಲ್ಲಿ, ಏಳನೇ ತಿಂಗಳಲ್ಲಲ್ಲ. ಎಂಡೋಸ್ಕೋಪಿ ಊರಲ್ಲೇ ಮಾಡಿಸಿದರೂ ಮಾಡುವವರಿಗೆ ಡಿಸ್ಚಾರ್ಜ್ ಚೀಟಿ ತೋರಿಸಿ, ವರದಿಯ ಜೊತೆ ಫೋಟೊಗಳನ್ನೂ ಪಡೆದು ಆಪರೇಷನ್ ಮಾಡಿದ ಡಾಕ್ಟರಿಗೆ ಕಳಿಸಿ. ಜೊತೆಗೆ ಎರಡು ವಾರದ ಒಂದು ಹಾಳೆ ಇರಲಿ: ಮಾತ್ರೆ ಎಷ್ಟು ಗಂಟೆಗೆ, ಊಟ ಎಷ್ಟಕ್ಕೆ, ಏನು, ಉರಿ ಬಂದದ್ದು ಎಷ್ಟಕ್ಕೆ, ಬಂದದ್ದು ಹುಳಿಯೋ ಕಹಿಯೋ.