ಫ್ರೀ ಶೋ ಅಂದ್ರೆ ಯಾರನ್ನೂ ಕೇಳೋದು ಬೇಡ್ವಾ?

ಪ್ರಶ್ನೆ: ನಮಸ್ತೆ ಸರ್. ನಮ್ಮೂರ ಲೈಬ್ರರಿಲಿ ಮೇಲಿನ ಹಾಲ್ ಖಾಲಿ ಬಿದ್ದಿದೆ. ಥಿಯೇಟರಲ್ಲಿ ಒಂದು ವಾರಾನೂ ನಿಲ್ಲದೆ ಹೋದ, ಜನ ಮರೆತೇ ಬಿಟ್ಟ ಒಳ್ಳೆ ಸಿನಿಮಾಗಳನ್ನ ತಿಂಗಳಿಗೊಂದು ಶನಿವಾರ ಫ್ರೀಯಾಗಿ ತೋರ್ಸೋಣ ಅಂತ ನಾಲ್ಕೈದು ಜನ ಸೇರಿ ಮಾತಾಡ್ಕೊಂಡಿದೀವಿ. ಟಿಕೆಟ್ಟೇ ಇಲ್ವಲ್ಲ, ಯೂಟ್ಯೂಬಿಂದ ಹಾಕಿದ್ರಾಯ್ತು ಅಂತ ಒಬ್ರು, ಕೇಸ್ ಬೀಳುತ್ತೆ ಅಂತ ಇನ್ನೊಬ್ರು. ಯಾವ ಸಿನಿಮಾದಿಂದ ಶುರು ಮಾಡ್ಬೇಕು ಅಂತಾನೂ ಹೇಳಿ.
- ರಿಟೈರ್ಡ್ ಮೇಷ್ಟ್ರು, ಸೋಮವಾರಪೇಟೆ

ಉತ್ತರ: ಮೇಷ್ಟ್ರೇ, ಕೇಸ್ ಅಂದೋರ ಮಾತೇ ಸರಿ. ಯೂಟ್ಯೂಬಿನ ರೂಲ್ಸಲ್ಲೇ ಇದೆ, ಸ್ವಂತಕ್ಕೆ ನೋಡ್ಬಹುದು, ಜನ ಸೇರ್ಸಿ ತೋರ್ಸೋ ಹಾಗಿಲ್ಲ ಅಂತ. ಕಾಪಿರೈಟ್ ಕಾಯ್ದೆಲಿ ನಾಟಕ, ಸಂಗೀತಕ್ಕೆ ಒಂದು ರಿಯಾಯ್ತಿ ಇದೆ, ಹವ್ಯಾಸಿ ಸಂಘದವ್ರು ದುಡ್ಡು ತಗೊಳ್ದೆ ಮಾಡಿದ್ರೆ ಪರವಾಗಿಲ್ಲ ಅಂತ, ಅದನ್ನೇ ಎಲ್ರೂ ಸಿನಿಮಾಗೂ ಹಾಕ್ಕೊಂಡು ಕೂತಿರ್ತಾರೆ, ಆದ್ರೆ ಸಿನಿಮಾಗೆ ಅದು ಬರಲ್ಲ. ಸಿನಿಮಾದ ಹಕ್ಕು ರಿಲೀಸ್ ಆದ ವರ್ಷದ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ. ಅಂದ್ರೆ 1960ರ ಸಿನಿಮಾದ್ದು 2020ಕ್ಕೇ ಮುಗೀತು. ಹಂಗಂತ ಕಥೆ, ಹಾಡು ಬರೆದೋರ ಹಕ್ಕು ಬೇರೆ, ಅದು ಅವ್ರು ತೀರ್ಕೊಂಡ ಮೇಲೂ 60 ವರ್ಷ ಇರುತ್ತೆ, ಹಾಗಾಗಿ ಹಳೇದು ಅಂತ ಕಣ್ಮುಚ್ಚಿ ಹಾಕ್ಬೇಡಿ. ಇನ್ನೊಂದು, ಸೆನ್ಸಾರ್ ಸರ್ಟಿಫಿಕೇಟ್ ಇಲ್ಲದ್ದನ್ನ ಸಾರ್ವಜನಿಕವಾಗಿ ತೋರ್ಸೋ ಹಾಗಿಲ್ಲ, ನಿಮ್ಮೂರ ಹುಡುಗ್ರು ಮೊಬೈಲಲ್ಲಿ ತೆಗ್ದ ಶಾರ್ಟ್ ಫಿಲಂ ಹಾಕೋ ಆಸೆ ಇದ್ರೆ ಇದು ನೆನಪಿರ್ಲಿ.

ಇಷ್ಟೆಲ್ಲ ಕೇಳಿ ಕೈ ಬಿಡ್ಬೇಡಿ. ಜನ ನೋಡದೇ ಇರೋ ಸಿನಿಮಾದ ಒಂದು ಅನುಕೂಲ ಏನಂದ್ರೆ, ಅದನ್ನ ಮಾಡ್ದೋರಿಗೂ ಯಾರಾದ್ರೂ ಕೇಳ್ಲಿ ಅಂತಾನೇ ಇರುತ್ತೆ. ದೊಡ್ಡ ಸ್ಟಾರ್ ಸಿನಿಮಾಗೆ ಪರ್ಮಿಷನ್ ಕೇಳಿದ್ರೆ ಫೋನೂ ಎತ್ತಲ್ಲ. ನಾನು ಒಂದ್ಸಲ ಒಬ್ಬ ಡೈರೆಕ್ಟರಿಗೆ ಹೆದರ್ತಾ ಹೆದರ್ತಾ ಫೋನ್ ಮಾಡಿದ್ದೆ, ಅವ್ರು ಪ್ರೊಡ್ಯೂಸರ್ ಹತ್ರ ತಾವೇ ಮಾತಾಡಿ ಲೆಟರ್ ಕಳ್ಸಿ, ಪೆನ್‌ಡ್ರೈವಲ್ಲಿ ಸಿನಿಮಾನೂ ಕಳ್ಸಿ, ಕೊನೆಗೆ ಎಷ್ಟು ಜನ ಬಂದ್ರು ಅಂತ ರಾತ್ರಿ ಹತ್ತೂವರೆಗೆ ಫೋನ್ ಮಾಡಿ ಕೇಳಿದ್ರು. ಒಪ್ಪಿಗೆ ಮಾತ್ರ ಬರವಣಿಗೇಲೇ ಇರ್ಲಿ. ಪುಣೆಯ ನ್ಯಾಷನಲ್ ಫಿಲಂ ಆರ್ಕೈವಿಗೂ ಒಂದು ಮೇಲ್ ಹಾಕಿ ನೋಡಿ, 1964ರಿಂದ ಇದೆ, ಈಗ ಕೇಂದ್ರ ಸರ್ಕಾರದ ಸಿನಿಮಾ ನಿಗಮ ಎನ್‌ಎಫ್‌ಡಿಸಿ ಅಡಿ ಬರುತ್ತೆ.

ಯಾವ ಸಿನಿಮಾ ಅಂದ್ರೆ, ಥಿಯೇಟರಿಗೆ ಇಲ್ಲದ್ದು ಲೈಬ್ರರಿಗೆ ಒಂದಿದೆ, ಪುಸ್ತಕದ ರ‍್ಯಾಕು. ಕಥೆ ಕಾದಂಬರಿಯಿಂದ ಬಂದ ಸಿನಿಮಾ ಹಾಕಿ, ಪುಸ್ತಕಾನ ಬಾಗಿಲ ಹತ್ರ ಟೇಬಲ್ ಮೇಲಿಡಿ. ನನ್ನ ಮೊದಲ ಓಟು ‘ತಬರನ ಕಥೆ’ಗೆ. ತೇಜಸ್ವಿ ಕಥೆ, ಕಾಸರವಳ್ಳಿ ಸಿನಿಮಾ, ಪೆನ್ಷನ್ನಿಗೆ ಅಲೆಯೋ ಒಬ್ಬ ಜವಾನ. ನಿಮ್ಮೂರಲ್ಲಿ ತಾಲೂಕಾಫೀಸು ಅಲೆಯದೆ ಇರೋರು ಯಾರಿದಾರೆ ಹೇಳಿ! ಅದೇ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ನೋಡಿ, ದೇಶದ ಅತ್ಯುತ್ತಮ ಸಿನಿಮಾ ಅಂತ ಸ್ವರ್ಣಕಮಲ ಬಂದ ಸಿನಿಮಾ, ರಿಪೇರಿ ಮಾಡಿ ಹೊಸದಾಗಿಸಿದ ಪ್ರಿಂಟು 2024ರಲ್ಲಿ ವೆನಿಸ್ ಫೆಸ್ಟಿವಲ್ಲಲ್ಲಿ ಓಡ್ತು, ಇಲ್ಲಿ ಹೆಸ್ರು ಗೊತ್ತಿರೋರೇ ಜಾಸ್ತಿ, ನೋಡ್ದೋರು ಕಮ್ಮಿ. ಆಮೇಲೆ ನಮ್ಮದೇ ‘ನಾಡ ಮಣ್ಣ್ ನಾಡ ಕೂಳ್’, 1972ರದ್ದು, ಕೊಡವ ತಕ್ಕಿನ, ಅಂದ್ರೆ ಕೊಡವ ಭಾಷೆಯ ಮೊದಲ ಸಿನಿಮಾ. ಅದರ ಪ್ರಿಂಟ್ ಹುಡುಕೋದಕ್ಕೆ ಮನೆ ಹಿರಿಯರನ್ನ ವಿಚಾರ್ಸೋಕೆ ಈಗಿಂದ್ಲೇ ಶುರು ಮಾಡಿ, ಶೋಗಿಂತ ಆ ಹುಡುಕಾಟವೇ ಮಜಾ ಇರುತ್ತೆ.

ಪ್ರಶ್ನೆ: ಮಳೆಗಾಲದಲ್ಲಿ ಶೋ ಇಟ್ಕೊಳ್ಬಹುದಾ ಸರ್? ನಮ್ಮ ಲೈಬ್ರರಿದು ಶೀಟಿನ ಛಾವಣಿ.
- ಲೈಬ್ರರಿ ಸಿಬ್ಬಂದಿ, ಮಡಿಕೇರಿ ಹತ್ರ

ಉತ್ತರ: ಜುಲೈ ಬಿಟ್ಬಿಡಿ ಮೇಡಂ. ಶೀಟ್ ಮೇಲೆ ನಮ್ಮ ಮಳೆ ಬೀಳೋವಾಗ ಎಂಥ ಸ್ಪೀಕರ್ ಇದ್ರೂ ಡೈಲಾಗ್ ಕೇಳಲ್ಲ, ಕರೆಂಟು ಹೋದ್ರೆ ಯಾವಾಗ ಬರುತ್ತೆ ಅಂತ ಗ್ಯಾರಂಟಿ ಇಲ್ಲ. ಮಾಡ್ಲೇಬೇಕು ಅಂದ್ರೆ ಸಬ್‌ಟೈಟಲ್ ಇರೋದನ್ನೇ ಹಾಕಿ, ಕನ್ನಡ ಸಿನಿಮಾ ಆದ್ರೂ. ಕಾಫಿ ಕುಯ್ಲಿನ ಟೈಮಲ್ಲಿ ಭಾನುವಾರ ಬಿಟ್ರೆ ಯಾರೂ ಬರಲ್ಲ. ಕೊನೇ ಬಸ್ಸಿಗೆ ಮುಂಚೆ ಮುಗೀಬೇಕು, ಹಾಗಾಗಿ ಮಧ್ಯಾಹ್ನ ಎರಡೂವರೆಗೆ ಶುರು, ಆಗ ಕಿಟಕಿಗೆ ದಪ್ಪ ಕಪ್ಪು ಬಟ್ಟೆ ಬೇಕೇ ಬೇಕು, ಇಲ್ದಿದ್ರೆ ಪ್ರೊಜೆಕ್ಟರಿಗೆ ಎಷ್ಟು ಸಾವಿರ ಹಾಕಿದ್ರೂ ಪರದೆ ಮೇಲೆ ಬೂದಿ ಬಣ್ಣ ಕಾಣುತ್ತೆ ಅಷ್ಟೆ.

ಪ್ರಶ್ನೆ: ನಾವು ಎರಡು ಶೋ ಮಾಡಿದ್ವಿ. ಎರಡನೇದಕ್ಕೆ ಹನ್ನೊಂದೇ ಜನ, ಅದ್ರಲ್ಲಿ ಮೂರು ಜನ ಮಧ್ಯದಲ್ಲೇ ಎದ್ದು ಹೋದ್ರು. ನಿಲ್ಸೋದಾ?
- ಕಾಲೇಜ್ ಹುಡುಗಿ, ವಿರಾಜಪೇಟೆ

ಉತ್ತರ: ಹನ್ನೊಂದು ಕಮ್ಮಿ ಅಲ್ಲಮ್ಮ, ಆ ಸಿನಿಮಾಗೆ ಕೆಲವು ಥಿಯೇಟರಲ್ಲಿ ಅಷ್ಟೂ ಬಂದಿರ್ಲಿಕ್ಕಿಲ್ಲ. ಹೆಗ್ಗೋಡಲ್ಲಿ ಕೆ.ವಿ. ಸುಬ್ಬಣ್ಣ ಮತ್ತೆ ಅಲ್ಲಿನ ನಾಟಕ ಸಂಘ ನೀನಾಸಂನವ್ರು 70ರ ದಶಕದಲ್ಲೇ ಅಡಿಕೆ ತೋಟದ ಊರಲ್ಲಿ ಕೂತು ಹಳ್ಳಿ ಜನಕ್ಕೆ ಪ್ರಪಂಚದ ಸಿನಿಮಾ ತೋರ್ಸಿದ್ರು, ಅದ್ಯಾವ ಕಾಲದಲ್ಲಿ ಅಂತೀಯ, ಊರಲ್ಲಿ ಟಿವಿನೇ ಇರ್ಲಿಲ್ಲ. ನೀನೂ ಶುರು ಮಾಡೋಕೆ ಮುಂಚೆ ಐದು ನಿಮಿಷ ಕಥೆ ಎಲ್ಲಿ ನಡೆಯುತ್ತೆ, ಯಾರು ಯಾರಿಗೆ ಏನಾಗ್ಬೇಕು ಅಂತ ಹೇಳಿಬಿಡು, ಭಾಷಣ ಬೇಡ, ದೀಪ ಬೆಳಗೋದಂತೂ ಬೇಡ್ವೇ ಬೇಡ. ಮುಗಿದ್ಮೇಲೆ ಕಾಫಿ ಕೊಡು, ಕೊಡಗಲ್ಲಿ ಅದಕ್ಕೇನು ಬರ. ಮತ್ತೆ ಆ ಎದ್ದು ಹೋದ ಮೂರು ಜನ ಸಿಕ್ಕಿದ್ರೆ ಮುಖ ತಿರುಗಿಸ್ಬೇಡ, ಮುಂದಿನ ತಿಂಗಳ ಸಿನಿಮಾ ಯಾವುದು ಅಂತ ಅವ್ರನ್ನೇ ಆರ್ಸೋಕೆ ಹೇಳು.