ಕೆಟಲ್‌ಬೆಲ್ ಹಿಡಿದು ತಿರುಗುವಾಗ ಸೊಂಟ ಹಿಡಿದುಕೊಳ್ಳುವುದೇಕೆ?

8 ಕೆ.ಜಿ. ಕೆಟಲ್‌ಬೆಲ್ (ಮೇಲೆ ಹಿಡಿ ಇರುವ ಕಬ್ಬಿಣದ ಗುಂಡು) ಹಿಡಿದು ದಿನವೂ ರಷ್ಯನ್ ಟ್ವಿಸ್ಟ್ (ಕುಳಿತು ಹಿಂದಕ್ಕೆ ವಾಲಿ ಮೈಯನ್ನು ಎಡಬಲಕ್ಕೆ ತಿರುಗಿಸುವ ವ್ಯಾಯಾಮ) ಮಾಡಿದರೂ ಹೊಟ್ಟೆಯ ಪಕ್ಕಗಳಿಗೆ ಶ್ರಮವೇ ತಗಲುವುದಿಲ್ಲ, ಸೊಂಟ ಮಾತ್ರ ಹಿಡಿದುಕೊಳ್ಳುತ್ತದೆ ಎಂದು ಕೇಳಿದ್ದೀರಿ. ಕಲಬುರಗಿಯಲ್ಲಿ ಮನೆಯಲ್ಲೇ ವ್ಯಾಯಾಮ ಆರಂಭಿಸಿದ ದಿನಗಳಲ್ಲಿ ನನಗೂ ಹೀಗೆಯೇ ಆಗಿತ್ತು. ಗುಂಡು ಎಡಕ್ಕೊಮ್ಮೆ ಬಲಕ್ಕೊಮ್ಮೆ ಶಹಾಬಾದ್ ಫರಸಿಗೆ ತಾಗಿ ಟಕ್ ಎಂದರೆ ಒಂದು ಎಣಿಕೆ ಮುಗಿಯಿತೆಂದು ತಿಳಿದಿದ್ದೆ. ಆ ಸದ್ದಿಗಾಗಿ ತೋಳುಗಳನ್ನು ಬೀಸುತ್ತಿದ್ದೆ, ಎದೆ ಇದ್ದಲ್ಲೇ ಇರುತ್ತಿತ್ತು, ಬೆನ್ನು ಗೂನಾಗುತ್ತಿತ್ತು.

ಈ ವ್ಯಾಯಾಮದಲ್ಲಿ ಪಕ್ಕೆಲುಬಿನ ಗೂಡು ತಿರುಗಬೇಕು, ಗುಂಡು ಅದರ ಜೊತೆಗೆ ಬರಬೇಕು. ಸೊಂಟದ 5 ಕಶೇರುಗಳು (ಬೆನ್ನುಮೂಳೆಯ ಮಣಿಗಳು) ಹಿಂದೆ ಮುಂದೆ ಬಾಗುವುದಕ್ಕೆ ಹೊಂದಿಕೊಂಡಿದ್ದು, ಪಕ್ಕಕ್ಕೆ ಕೆಲವೇ ಡಿಗ್ರಿಯಷ್ಟು ತಿರುಗುತ್ತವೆ. ಎದೆಯ ಭಾಗದ 12 ಕಶೇರುಗಳು ಅದಕ್ಕಿಂತ ಬಹಳ ಹೆಚ್ಚು ತಿರುಗಬಲ್ಲವು. ಬೆನ್ನು ಗೂನಾದೊಡನೆ ಎದೆಯ ಭಾಗದ ತಿರುವು ಕುಗ್ಗಿ, ಎಳೆತವೆಲ್ಲ ಸೊಂಟದ ಮೇಲೆ ಬೀಳುತ್ತದೆ.

ಆದ್ದರಿಂದ ಕೆಲವು ದಿನ ಗುಂಡನ್ನು ಬದಿಗಿರಿಸಿರಿ. ಜಮಖಾನದ ಮೇಲೆ ಕುಳಿತು, ಮೊಣಕಾಲು ಮಡಚಿ, ಹಿಮ್ಮಡಿಗಳನ್ನು ನೆಲಕ್ಕೆ ಊರಿ, ಬೆನ್ನನ್ನು ನೆಟ್ಟಗಿಟ್ಟುಕೊಂಡೇ ಹೊಟ್ಟೆ ಬಿಗಿಯಾಗುವವರೆಗೆ ಹಿಂದಕ್ಕೆ ವಾಲಿರಿ. ಅಂಗೈಗಳನ್ನು ಎದೆಯ ಮುಂದೆ ಜೋಡಿಸಿ, ಅಂಗಿಯ ಎದೆಯ ಮೇಲಿನ ಗುಂಡಿ ಯಾವ ಕಡೆ ಮುಖ ಮಾಡುತ್ತಿದೆ ಎಂಬುದನ್ನೇ ನೋಡುತ್ತ, ಉಸಿರು ಬಿಡುತ್ತ ನಿಧಾನವಾಗಿ ತಿರುಗಿರಿ; ನಡುವಿಗೆ ಮರಳುವಾಗ ಉಸಿರು ತೆಗೆದುಕೊಳ್ಳಿರಿ. ಮೊಣಕಾಲುಗಳು ಅತ್ತಿತ್ತ ವಾಲಬಾರದು. ಬಲಕ್ಕೆ ತಿರುಗುವಾಗ ಹೊಟ್ಟೆಯ ಪಕ್ಕದಲ್ಲಿರುವ ಓರೆ ಸ್ನಾಯುಗಳಲ್ಲಿ ಎಡಬದಿಯ ಹೊರಗಿನ ಓರೆ ಸ್ನಾಯುವೂ ಬಲಬದಿಯ ಒಳಗಿನ ಓರೆ ಸ್ನಾಯುವೂ ಜೊತೆಯಾಗಿ ಎಳೆಯುತ್ತವೆ. ಆ ಬಿಗಿತ ಎರಡೂ ಪಕ್ಕೆಗಳಲ್ಲಿ ನಿಮಗೆ ಸ್ಪಷ್ಟವಾಗಿ ತಿಳಿದ ಮೇಲಷ್ಟೇ ತೂಕ ಹಿಡಿಯಿರಿ.

ಆಗಲೂ 4 ಕೆ.ಜಿ. ಸಾಕು. ಹಿಡಿಯ ಎರಡೂ ಪಕ್ಕಗಳನ್ನು ಹಿಡಿದು, ಗುಂಡನ್ನು ಎದೆಗೆ ಹತ್ತಿರವಿಟ್ಟುಕೊಂಡು, ಒಂದೊಂದು ಬದಿಗೆ 8ರಂತೆ 3 ಸುತ್ತು ಮಾಡಿರಿ. ನೆಲಕ್ಕೆ ತಾಗಿಸುವ ಅಗತ್ಯವಿಲ್ಲ. ಅಂಗಡಿಯಲ್ಲಿ ಕಾಣುವ 16, 24, 32 ಕೆ.ಜಿ. ಗುಂಡುಗಳು, ಸುಮಾರು 16 ಕೆ.ಜಿ. ತೂಗುವ ರಷ್ಯದ ಹಳೆಯ ಪೂಡ್ ಎಂಬ ಅಳತೆಯಿಂದ ಬಂದವು. ಕಾಲೂರಿ ನಿಂತು ಬೀಸುವುದಕ್ಕೂ ತಲೆಯ ಮೇಲೆತ್ತುವುದಕ್ಕೂ ಅವು ಸರಿ. ಕುಳಿತು ತಿರುಗುವಾಗ ಆ ಮೆಟ್ಟಿಲು ಹತ್ತಬೇಕೆಂಬ ಹಟ ಬೇಡ. ನಮ್ಮ ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಅಂಗೈ ಬೆವರಿ ಹಿಡಿ ಜಾರುವುದರಿಂದ ಪಕ್ಕದಲ್ಲಿ ಒಂದು ಒಣ ಬಟ್ಟೆ ಇಟ್ಟುಕೊಳ್ಳಿರಿ.

ನೋವು ಸೊಂಟದಿಂದ ಕಾಲಿಗೆ ಇಳಿಯುತ್ತಿದ್ದರೆ ಅಥವಾ ಕಾಲು ಜೋಮು ಹಿಡಿಯುತ್ತಿದ್ದರೆ ತೂಕವಿಲ್ಲದೆಯೂ ಇದನ್ನು ಮಾಡಬೇಡಿರಿ. ಮೊದಲು ಮೂಳೆ ವೈದ್ಯರಿಗೆ ತೋರಿಸಿರಿ.